ನುಡಿಸುವ ವಿದ್ಯೆ, ಕಲಿಸುವ ವಿದ್ಯೆ

ಬಿ.ಎಸ್ಸಿ. ಮುಗಿಸಿದವರಿಗೆ ಹೈಸ್ಕೂಲಿನಲ್ಲಿ ಪಾಠ ಮಾಡಲು ಮತ್ತೆ ಎರಡು ವರ್ಷದ ಓದು ಏಕೆ ಬೇಕು? ಬಿ.ಇಡಿ.ಗೆ ಸೇರಿದ ಮೇಲೆ ಈ ಪ್ರಶ್ನೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮ ಊರು ಪಿರಿಯಾಪಟ್ಟಣ ತಾಲ್ಲೂಕಿನದು. ಬ್ಯಾರನ್ ಮುಂದೆ ಕೂತು ಕಡ್ಡಿಗೆ ಹೊಗೆಸೊಪ್ಪು ಕಟ್ಟುವಾಗ ದೊಡ್ಡಪ್ಪ ಒಂದು ಸಲ ಕೇಳಿದರು: "ಫಿಸಿಕ್ಸು ಅಷ್ಟೊಂದು ಓದ್ಕಂಡಿದೀಯ. ಎಂ.ಎಸ್ಸಿ. ಮಾಡ್ಕಳದ್ ಬಿಟ್ಟು ಮೇಷ್ಟ್ರು ಕೆಲಸಕ್ಕೆ ಯಾಕವ್ವ ಹೊಂಟೆ? ಗೊತ್ತಿರೋದನ್ನ ಹೇಳದಕ್ಕೂ ಒಂದು ಕಾಲೇಜು ಬೇಕಾ?" ದೊಡ್ಡಪ್ಪ ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಆಗ ನನ್ನಲ್ಲಿ ಒಪ್ಪುವಂಥ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಾವು ಓದುವ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಮಾತ್ರವಲ್ಲ, ನಾನು ಒಂದು ದಿನವೂ ಮುಟ್ಟದಿದ್ದ ಪಿಯಾನೋದ ಓದಿನಲ್ಲಿ. ಅದು ಹೇಗೆ ಎಂಬುದನ್ನು, ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆ ಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಮಾಡಿದ ಅಭ್ಯಾಸ ಬೋಧನೆಯ ಜೊತೆಗೆ ಸೇರಿಸಿ ಇಲ್ಲಿ ಬರೆದಿದ್ದೇನೆ.

ಎರಡು ಬಾಗಿಲು

ಬಿ.ಎಸ್ಸಿ.ಯಲ್ಲಿ ಮೂರು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಗೆಳತಿ ಮೈಸೂರಿನವಳು. ಎಂಟನೇ ವಯಸ್ಸಿನಿಂದ ಪಿಯಾನೋ ಕಲಿತವಳು. ನಾವು ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗ ಅವಳ ಬೆರಳುಗಳು ಮೇಜಿನ ಮೇಲೆ ಓಡುತ್ತಿದ್ದವು. ಈಗ ಅವಳು ಪಿಯಾನೋದಲ್ಲೇ ಉನ್ನತ ವ್ಯಾಸಂಗ ಮಾಡಲು ಹೊರಟಿದ್ದಾಳೆ. ಅರ್ಜಿ ತುಂಬುವಾಗ ಅವಳ ಮುಂದೆ ಒಂದು ಪ್ರಶ್ನೆ ಬಂತು: ನುಡಿಸುವ ವಿಭಾಗಕ್ಕೋ, ಕಲಿಸುವ ವಿಭಾಗಕ್ಕೋ?

ನನಗೆ ಇದು ಹೊಸ ವಿಷಯ. ಪಿಯಾನೋ ಓದಿನಲ್ಲಿ ಇವೆರಡೂ ಬೇರೆ ಬೇರೆ ಬಾಗಿಲುಗಳು. ಲಂಡನ್ನಿನ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಶುರುವಾದದ್ದು 1872ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ಹೊರಗಿನ ಅಭ್ಯರ್ಥಿಗಳಿಗೂ ಪರೀಕ್ಷೆ ನಡೆಸತೊಡಗಿತು. ಆ ಪರಂಪರೆಯ ಪರೀಕ್ಷೆಗಳನ್ನು ಇಂದಿಗೂ ನಮ್ಮ ರಾಜ್ಯದಲ್ಲಿ ಮಕ್ಕಳು ಬರೆಯುತ್ತಾರೆ. ಎಂಟು ಗ್ರೇಡ್ ದಾಟಿದ ಮೇಲೆ ಡಿಪ್ಲೊಮಾಗಳು: ಅಸೋಸಿಯೇಟ್, ಲೈಸೆನ್ಷಿಯೇಟ್, ಫೆಲೋ. ಅಲ್ಲಿ ವೇದಿಕೆಯ ಮೇಲೆ ನುಡಿಸಿ ಪಡೆಯುವ ಡಿಪ್ಲೊಮಾ ಬೇರೆ, ವಾದ್ಯ ಕಲಿಸುವುದರಲ್ಲಿ ಪಡೆಯುವ ಡಿಪ್ಲೊಮಾ ಬೇರೆ. ಚೆನ್ನಾಗಿ ನುಡಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಕಲಿಸುವ ಡಿಪ್ಲೊಮಾ ಸಿಗುವುದಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಸ್ನಾತಕೋತ್ತರ ಪದವಿಯ ಮಟ್ಟಕ್ಕೇ ಬೆಳೆದಿದೆ. ಪಿಯಾನೋ ಬೋಧನೆ ಮತ್ತು ವಾದನ ಎರಡನ್ನೂ ಜೋಡಿಸಿದ ಎಂ.ಮ್ಯೂಸ್. ಪದವಿ ಸಾಮಾನ್ಯವಾಗಿ ಎರಡು ವರ್ಷದ್ದು. ವಿದ್ಯಾರ್ಥಿ ಸಾರ್ವಜನಿಕವಾಗಿ ಕಚೇರಿ ಕೊಡಬೇಕು. ಅದರ ಜೊತೆಗೆ ಮಕ್ಕಳಿಗೆ ಮೇಲ್ವಿಚಾರಕರ ಕಣ್ಣೆದುರು ಪಾಠ ಮಾಡಬೇಕು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ, ಗುಂಪಿಗೂ ಒಟ್ಟಾಗಿ. ಪಠ್ಯಗಳನ್ನು ಹೋಲಿಸಿ ನೋಡಬೇಕು, ಪಾಠಯೋಜನೆ ಬರೆಯಬೇಕು. ಈ ಶಾಖೆಯನ್ನು ಕಟ್ಟಿ ಬೆಳೆಸಿದವರಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬಾಕೆಯ ಹೆಸರು ದೊಡ್ಡದು. ಆಕೆ 1960ರಲ್ಲಿ ಲೂಯಿಸ್ ಗಾಸ್ ಜೊತೆ ಸೇರಿ ನ್ಯೂಜೆರ್ಸಿಯಲ್ಲಿ ಒಂದು ಸಂಗೀತ ಶಾಲೆ ತೆರೆದರು. ಅಲ್ಲಿ ಮಕ್ಕಳು ಪಿಯಾನೋ ಕಲಿಯುತ್ತಾರೆ, ಅವರಿಗೆ ಕಲಿಸುತ್ತ ಶಿಕ್ಷಕರು ಕಲಿಸುವುದನ್ನು ಕಲಿಯುತ್ತಾರೆ. ಗೆಳತಿ ಇದನ್ನು ವಿವರಿಸುತ್ತಿದ್ದರೆ ನನಗೆ ನಮ್ಮ ಅಭ್ಯಾಸ ಶಾಲೆಯ ವರ್ಣನೆ ಕೇಳಿದ ಹಾಗಾಯಿತು.

ಅವಳ ಮನೆಯವರದೂ ನಮ್ಮ ದೊಡ್ಡಪ್ಪನದೇ ಪ್ರಶ್ನೆ. "ಇಷ್ಟು ವರ್ಷ ಕಲಿತು ಟ್ಯೂಷನ್ ಹೇಳೋಕಾ?" ಎಂದು ಅವಳ ಅಮ್ಮ. ಕಛೇರಿ ಮಾಡುವವರು ಮೇಲೆ, ಕಲಿಸುವವರು ಕೆಳಗೆ ಎಂಬ ಮೆಟ್ಟಿಲು ಸಂಗೀತದಲ್ಲೂ ಇದೆ, ವಿಜ್ಞಾನದಲ್ಲೂ ಇದೆ. ಕೈಲಾಗದವರು ಕಲಿಸಲು ಹೋಗುತ್ತಾರೆ ಎಂಬ ಅರ್ಥದ ಚುಚ್ಚುಮಾತನ್ನು 1903ರಷ್ಟು ಹಿಂದೆಯೇ ಬರೆದವರು ಬರ್ನಾರ್ಡ್ ಷಾ. ಅವರು ನಾಟಕಕಾರರಾಗುವ ಮೊದಲು ಸಂಗೀತ ವಿಮರ್ಶಕರಾಗಿದ್ದರು. ಆ ಚುಚ್ಚುಮಾತಿಗೆ ಸರಿಯಾದ ಉತ್ತರ ಕೊಟ್ಟವರು ನಮ್ಮ ಪಠ್ಯದಲ್ಲೇ ಬರುವ ಲೀ ಶುಲ್ಮನ್. 1986ರ ತಮ್ಮ ಲೇಖನದಲ್ಲಿ ಅವರು ವಿಷಯಜ್ಞಾನ, ಬೋಧನಾ ವಿಧಾನ ಇವೆರಡೂ ಬೆರೆತು ಹುಟ್ಟುವ ಮೂರನೆಯ ಜ್ಞಾನವೊಂದಿದೆ ಎಂದರು. ಯಾವ ಉದಾಹರಣೆ ಈ ಮಗುವಿಗೆ ಹಿಡಿಸುತ್ತದೆ, ಮಗು ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂಬ ತಿಳಿವು ಅದು. ಪರೀಕ್ಷೆಗೆ ನಾನು ಇದನ್ನು ಐದು ಅಂಕದ ಟಿಪ್ಪಣಿಯಾಗಿ ಓದಿದ್ದೆ. ಅದರ ಅರ್ಥ ಕಂಡದ್ದು ಕಾಕನಕೋಟೆಯ ಕಡೆ.

ಅರಮನೆಯ ಪಿಯಾನೋ, ಕಾಕನಕೋಟೆಯ ಕಾಡು

ಪಿಯಾನೋ ನಮಗೆ ದೂರದ ವಾದ್ಯ ಅನಿಸಬಹುದು. ಆದರೆ ಆ ಓದಿನ ದೊಡ್ಡ ಕಥೆಯೊಂದು ನಮ್ಮ ಮೈಸೂರಿನದೇ. ಜಯಚಾಮರಾಜ ಒಡೆಯರ್ 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದವರು. ಪಿಯಾನೋದಲ್ಲಿ ಅವರಿಗಿದ್ದ ತಯಾರಿ ಹವ್ಯಾಸದ ಮಟ್ಟದ್ದಲ್ಲ. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಷಿಯೇಟ್ ಆಗಿದ್ದರು. ಟ್ರಿನಿಟಿ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋಷಿಪ್ ಕೊಟ್ಟಿತು. ಪಿಯಾನೋ ವಾದಕರಾಗಿ ವೇದಿಕೆ ಏರಬೇಕೆಂಬ ಆಸೆ ಅವರಿಗಿತ್ತು. ಆದರೆ 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಇಪ್ಪತ್ತೊಂದರ ತರುಣ ಸಿಂಹಾಸನ ಏರಿದರು. ಪಿಯಾನೋ ವೃತ್ತಿಯ ಮಾತು ಅಲ್ಲಿಗೆ ನಿಂತಿತು.

ನಿಂತ ಮೇಲೆ ಅವರು ಮಾಡಿದ್ದೇನು ಎಂಬುದು ನಮ್ಮಂಥವರಿಗೆ ಮುಖ್ಯ. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರ ಆ ಹೊತ್ತಿಗೆ ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಹೃದಯದ ಕಾಯಿಲೆಯಿತ್ತು, ಅವರ ಸಂಗೀತ ಕೇಳುವವರು ಕಡಿಮೆಯಾಗಿದ್ದರು. ಜಯಚಾಮರಾಜ ಒಡೆಯರ್ ಹಣ ಕೊಟ್ಟು, ಮೆಟ್ನರ್ ತಾವೇ ಪಿಯಾನೋ ನುಡಿಸಿ ತಮ್ಮ ರಚನೆಗಳನ್ನು ಎಚ್.ಎಂ.ವಿ. ಕಂಪನಿಯಲ್ಲಿ ಧ್ವನಿಮುದ್ರಿಸುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ಮುದ್ರಣಗಳು ಆಗದೆ ಹೋಗಿದ್ದರೆ ತಮ್ಮ ದೊಡ್ಡ ರಚನೆಗಳನ್ನು ಅವರೇ ಹೇಗೆ ನುಡಿಸುತ್ತಿದ್ದರು ಎಂಬುದರ ಬಹುಪಾಲು ಅವರ ಜೊತೆಗೇ ಹೋಗುತ್ತಿತ್ತು. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಜಯಚಾಮರಾಜರೇ. ಇತ್ತ ಮನೆಯಲ್ಲಿ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ಅಭ್ಯಾಸಕ್ಕೆ ತೊಡಗಿ 94 ಕೃತಿಗಳನ್ನು ರಚಿಸಿದರು. ಅವರ ತಂಗಿ ವಿಜಯಾದೇವಿಯವರೂ ಪಿಯಾನೋ ಕಲಿತವರು. ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೂಅರ್‌ಮನ್ ಅವರಂಥ ಗುರುವಿನ ಬಳಿ ಅಭ್ಯಾಸ ಮಾಡಿ ಬಂದು, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿ, ಇತರರಿಗೆ ವೇದಿಕೆ ಮಾಡಿಕೊಟ್ಟರು.

ಅಣ್ಣ ತಂಗಿ ಇಬ್ಬರೂ ಕಲಿತ ವಿದ್ಯೆ ಅವರ ಕೈಯಲ್ಲೇ ಉಳಿಯಲಿಲ್ಲ. ಇತರರು ನುಡಿಸುವುದಕ್ಕೂ ಕೇಳುವುದಕ್ಕೂ ಅದು ಕಾರಣವಾಯಿತು. ವಿದ್ಯೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವಂತೆ ಮಾಡುವ ಕೆಲಸ ಎರಡನೇ ದರ್ಜೆಯದಲ್ಲ ಎಂದು ಹೇಳಲು ನನಗೆ ಇಷ್ಟು ಸಾಕು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಅರಮನೆಯಲ್ಲಿ ಪಿಯಾನೋ ಇದ್ದ ಕಾಲದಲ್ಲಿ ಕಾಕನಕೋಟೆ ಅರಮನೆಗೆ ಗೊತ್ತಿದ್ದದ್ದು ಖೆಡ್ಡಾದ ಕಾಡಾಗಿ. ದೇಶವಿದೇಶದ ಅತಿಥಿಗಳು ಕಬಿನಿ ಹೊಳೆಯಲ್ಲಿ ಆನೆ ಹಿಡಿಯುವುದನ್ನು ನೋಡಲು ಇಲ್ಲಿಗೆ ಬರುತ್ತಿದ್ದರು. ಕಾಡಿನ ದಾರಿ ಬಲ್ಲ ಕುರುಬರು ಆನೆಗಳನ್ನು ಅಟ್ಟುತ್ತಿದ್ದರು, ಪಳಗಿಸುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟಿನ ನೀರು ಆ ಜಾಗದ ಮೇಲೆ ನಿಂತಿತು. ಅತಿಥಿಗಳು ಬಂದರು, ಹೋದರು. ಅರಮನೆಯ ಸಂಗೀತ ಮಾತ್ರ ಈ ದಾರಿಯಲ್ಲಿ ಬರಲಿಲ್ಲ. ನಾನು ಪಾಠ ಮಾಡಿದ ತರಗತಿಯಲ್ಲಿ ಪಿಯಾನೋವನ್ನು ಕಣ್ಣಾರೆ ಕಂಡ ಒಂದು ಮಗುವೂ ಇರಲಿಲ್ಲ. ಕಂಡಿರಬೇಕೆಂದೂ ಅಲ್ಲ. ಒಂದೇ ಜಿಲ್ಲೆಯೊಳಗೆ ವಿದ್ಯೆ ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಸ್ಸಿನಲ್ಲಿ ಓಡಾಡುವಾಗ ದಿನಾ ಯೋಚಿಸುವಂತಾಯಿತು.

ಒಂಬತ್ತನೇ ತರಗತಿ, ಘಟಕ: ಶಬ್ದ

ನಮ್ಮ ಎರಡನೇ ವರ್ಷದ ಇಂಟರ್ನ್‌ಶಿಪ್ 16 ವಾರ. ನನಗೆ ಬಂದ ಘಟಕಗಳಲ್ಲಿ ಒಂಬತ್ತನೇ ತರಗತಿಯ 'ಶಬ್ದ' ಒಂದು. ತರಗತಿಯಲ್ಲಿ 38 ಮಕ್ಕಳು. ಸುತ್ತಲಿನ ಊರುಗಳವರು, ಕೆಲವರು ಹಾಡಿಗಳಿಂದ ಬರುವವರು. ಈ ಘಟಕದಲ್ಲಿ ಮಕ್ಕಳಿಗೆ ಕಷ್ಟವಾಗುವ ಜಾಗ ಯಾವುದೆಂದು ವಿಜ್ಞಾನ ಶಿಕ್ಷಕರು ಮೊದಲೇ ಹೇಳಿದ್ದರು: ಗಟ್ಟಿತನ ಮತ್ತು ಸ್ಥಾಯಿ. ಕಂಪನದ ಪಾರ ಹೆಚ್ಚಾದರೆ ಶಬ್ದ ಗಟ್ಟಿಯಾಗುತ್ತದೆ, ಆವೃತ್ತಿ ಹೆಚ್ಚಾದರೆ ಸ್ಥಾಯಿ ಏರುತ್ತದೆ. ಪುಸ್ತಕದಲ್ಲಿ ಎರಡೂ ಬೇರೆ ಬೇರೆ ಚಿತ್ರಗಳು. ಬರೆಯಲು ಹೇಳಿದರೆ ಮಕ್ಕಳು ಬರೆಯುತ್ತಾರೆ. ಕೇಳಿಸಿ ಕೇಳಿದರೆ ಎರಡಕ್ಕೂ ಒಂದೇ ಉತ್ತರ: "ಜೋರಾಯ್ತು ಮಿಸ್."

ಇದರಲ್ಲಿ ನಮ್ಮ ಮಾತಿನ ಪಾಲೂ ಇದೆ. ದಿನಬಳಕೆಯ ಕನ್ನಡದಲ್ಲಿ ದನಿ ಎತ್ತು ಎಂದರೆ ಜೋರಾಗಿ ಮಾತಾಡು ಎಂದೂ ಆಗುತ್ತದೆ, ಮೇಲಿನ ಸ್ವರಕ್ಕೆ ಹೋಗು ಎಂದೂ ಆಗುತ್ತದೆ. ಕೂಗುವಾಗ ನಮ್ಮ ಗಂಟಲಿನಲ್ಲಿ ಎರಡೂ ಒಟ್ಟಿಗೇ ಏರುತ್ತವೆ. ಮಗುವಿನ ಅನುಭವದಲ್ಲಿ ಕೂಡಿಕೊಂಡಿರುವ ಎರಡು ವಿಷಯಗಳನ್ನು ಬಿಡಿಸಬೇಕು. ಅದಕ್ಕೆ ಒಂದನ್ನು ಅಲುಗಾಡಿಸದೆ ಇನ್ನೊಂದನ್ನು ಬದಲಿಸಿ ಕೇಳಿಸಬಲ್ಲ ವಸ್ತು ಬೇಕು.

ಗೆಳತಿಗೆ ಫೋನ್ ಮಾಡಿ ಹೇಳಿದಾಗ ಅವಳು ನಕ್ಕಳು. "ಪಿಯಾನೋ ಅನ್ನೋ ಹೆಸರೇ ಅದು ಕಣೆ," ಅಂದಳು. ಈ ವಾದ್ಯದ ಪೂರ್ತಿ ಹೆಸರು ಪಿಯಾನೋಫೋರ್ಟೆ. ಇಟಾಲಿಯನ್ ಭಾಷೆಯಲ್ಲಿ ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಗಟ್ಟಿಯಾಗಿ. ಇದಕ್ಕಿಂತ ಹಿಂದಿನ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ತಂತಿಯನ್ನು ಮೀಟುತ್ತಿದ್ದ ಕಾರಣ ಬೆರಳನ್ನು ಹೇಗೆ ಒತ್ತಿದರೂ ಶಬ್ದದ ಗಟ್ಟಿತನ ಹೆಚ್ಚು ಬದಲಾಗುತ್ತಿರಲಿಲ್ಲ. ಸುಮಾರು 1700ರ ಹೊತ್ತಿಗೆ ಇಟಲಿಯ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಮೀಟುವ ಬದಲು ಪುಟ್ಟ ಸುತ್ತಿಗೆ ಬಡಿಯುವ ಏರ್ಪಾಡು ಮಾಡಿದ. ಮೆಲ್ಲಗೆ ಒತ್ತಿದರೆ ಸುತ್ತಿಗೆ ನಿಧಾನ, ಬಿರುಸಾಗಿ ಒತ್ತಿದರೆ ಬಿರುಸು. ತಂತಿ ಅದೇ, ಆವೃತ್ತಿ ಅದೇ, ಪಾರ ಮಾತ್ರ ಬೇರೆ. ನಮ್ಮ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಯಾವುದಿದೆ?

ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಒಂದು ಶನಿವಾರ ಅವಳನ್ನು ಕರೆಸಿದೆ. 61 ಕೀಲಿಗಳ, ಬೆರಳಿನ ಬಿರುಸಿಗೆ ತಕ್ಕಂತೆ ಸದ್ದು ಬದಲಾಗುವ ಕೀಬೋರ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದಳು. ಕರೆಂಟು ಇರಲಿಲ್ಲ. ಸೆಲ್ ಹಾಕಿಕೊಂಡೇ ಬಂದಿದ್ದಳು.

ನಾನು ವೀಕ್ಷಣಾ ಹಾಳೆ ಹಿಡಿದು ಕಂಡದ್ದು

ಮಕ್ಕಳು ಸಿನಿಮಾ ಹಾಡು ಬೇಕೆಂದು ಕೂಗಿದರು. "ಕೊನೇಲಿ," ಎಂದಳು. ಕಣ್ಣು ಮುಚ್ಚಲು ಹೇಳಿ ಒಂದೇ ಕೀಲಿಯನ್ನು ಎರಡು ಸಲ ಒತ್ತಿದಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ.

"ಏನು ಬದಲಾಯ್ತು?"

"ಜೋರಾಯ್ತು!"

ಆಮೇಲೆ ದೂರ ದೂರದ ಎರಡು ಕೀಲಿಗಳನ್ನು ಒಂದೇ ಬಿರುಸಿನಲ್ಲಿ ಒತ್ತಿದಳು. ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು.

"ಈಗ?"

ಅರ್ಧ ತರಗತಿ ಮತ್ತೆ "ಜೋರಾಯ್ತು" ಎಂದಿತು. ಹಿಂದಿನ ಬೆಂಚಿನಿಂದ ಒಂದು ದನಿ: "ಸಣ್ಣ ಆಯ್ತು."

ಅವಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಸಣ್ಣ ಅಂದ್ರೆ ಹೆಂಗೆ?" ಎಂದು ಕೇಳಿ ಸುಮ್ಮನೆ ನಿಂತಳು. ನನ್ನ ಗಡಿಯಾರದಲ್ಲಿ ಹತ್ತು ಸೆಕೆಂಡು. ತರಗತಿಯಲ್ಲಿ ಹತ್ತು ಸೆಕೆಂಡಿನ ಮೌನ ಎಷ್ಟು ಉದ್ದ ಎಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು.

"ಸೊಳ್ಳೆ ತರ," ಎಂದ ಆ ಹುಡುಗ.

"ಮತ್ತೆ ಮೊದಲನೇದು?"

"ಎಮ್ಮೆ ತರ." ತರಗತಿ ನಕ್ಕಿತು.

ಅವಳೂ ನಕ್ಕಳು. "ಸರಿ, ಎಮ್ಮೇನ ಆ ಕೆರೆ ಏರಿ ಮೇಲೆ ನಿಲ್ಸೋಣ. ಸೊಳ್ಳೇನ ಕಿವಿ ಹತ್ರ ತರೋಣ. ಯಾವುದು ಜೋರಾಗಿ ಕೇಳ್ಸತ್ತೆ?"

"ಸೊಳ್ಳೆ!"

"ಆಗ ಎಮ್ಮೆ ದನಿ ಸಣ್ಣ ಆಗೋಯ್ತಾ?"

ತರಗತಿ ಒಂದು ಕ್ಷಣ ಸುಮ್ಮನಾಯಿತು. ಮುಂದಿನ ಸಾಲಿನ ಹುಡುಗಿ ನಿಧಾನಕ್ಕೆ ಹೇಳಿದಳು: "ಇಲ್ಲ ಅಕ್ಕ. ದಪ್ಪ ದನಿನೇ. ಮೆಲ್ಲಗೆ ಕೇಳ್ಸತ್ತೆ ಅಷ್ಟೇ."

ಗೆಳತಿ ಆ ವಾಕ್ಯವನ್ನು ಹುಡುಗಿಯ ಮಾತಿನಲ್ಲೇ ಹಲಗೆಯ ಮೇಲೆ ಬರೆದಳು. ದಪ್ಪ, ಸಣ್ಣ ಒಂದು ಕಡೆ. ಮೆಲ್ಲಗೆ, ಜೋರು ಇನ್ನೊಂದು ಕಡೆ. ಸ್ಥಾಯಿ, ಗಟ್ಟಿತನ ಎಂಬ ಪದಗಳನ್ನು ನನಗೆ ಬಿಟ್ಟುಕೊಟ್ಟಳು. ಸೋಮವಾರದ ಪಾಠದಲ್ಲಿ ಆ ಎರಡು ಪದಗಳನ್ನು ಅವುಗಳ ಕೆಳಗೆ ಬರೆಯುವುದಷ್ಟೇ ನನ್ನ ಕೆಲಸವಾಯಿತು.

ಇಪ್ಪತ್ತು ನಿಮಿಷದಲ್ಲಿ ಅವಳು ನುಡಿಸಿದ್ದು ಹತ್ತು ಹನ್ನೆರಡು ಸ್ವರ ಇರಬಹುದು. ದಿನಕ್ಕೆ ನಾಲ್ಕು ಗಂಟೆ ಸಾಧನೆ ಮಾಡುವವಳು, ಎರಡೂ ಕೈಯಲ್ಲಿ ಶೋಪಾನನ ಕಷ್ಟದ ರಚನೆಗಳನ್ನು ನುಡಿಸುವವಳು, ತನಗೆ ಬರುವುದರಲ್ಲಿ ನೂರರಲ್ಲಿ ಒಂದು ಪಾಲನ್ನೂ ತೋರಿಸಲಿಲ್ಲ. ಆದರೆ ಅಷ್ಟು ಬರುತ್ತಿದ್ದುದರಿಂದಲೇ ಯಾವ ಎರಡು ಕೀಲಿ ಸಾಕು ಎಂಬುದು ಅವಳಿಗೆ ಗೊತ್ತಿತ್ತು. ಕೊಟ್ಟ ಮಾತಿನಂತೆ ಕೊನೆಗೆ ಸಿನಿಮಾ ಹಾಡು ನುಡಿಸಿದಳು. ಮಕ್ಕಳು ಬೆಂಚು ಬಡಿದು ತಾಳ ಹಾಕಿದರು.

ವೀಕ್ಷಣಾ ಹಾಳೆಯಲ್ಲಿ ಪೀಠಿಕೆ, ವಿವರಣೆ, ಪ್ರಶ್ನಿಸುವಿಕೆ, ಪುನರ್ಬಲನ, ಹಲಗೆಯ ಬಳಕೆ ಎಲ್ಲಕ್ಕೂ ಕಲಮುಗಳಿವೆ. ಅವಳು 'ಸಣ್ಣ' ಎಂಬ ಒಂದು ಪದವನ್ನು ಹಿಡಿದು ನಿಂತಳಲ್ಲ, ಅದನ್ನು ಎಲ್ಲಿ ಬರೆಯಲಿ ಎಂದು ಹುಡುಕಿದೆ. ಜಾಗ ಸಿಗಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದೆ: "ಕೇಳಿಸಿಕೊಂಡಳು."

ಪರಂಗಿ ದಂಟು

ಸಣ್ಣ ಆಯ್ತು ಎಂದ ಹುಡುಗ ಹಾಡಿಯಿಂದ ಬರುವವನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಖಾಲಿ ಮನೆಗಳು ಹೆಚ್ಚು. ಕೊಡಗಿನ ತೋಟಗಳಲ್ಲಿ ಕೆಲಸ ಸಿಕ್ಕಾಗ ಮನೆಯವರೆಲ್ಲ ಹೋಗುತ್ತಾರೆ, ಅವನೂ ಹೋಗುತ್ತಾನೆ. ಸೋಮವಾರ ಅವನು ಚೀಲದಿಂದ ಪರಂಗಿ ಎಲೆಯ ದಂಟುಗಳನ್ನು ತೆಗೆದ. ಸೀಳಿ ಪೀಪಿ ಮಾಡಿದ್ದ. ಊದಿ ತೋರಿಸಿದ. ಉದ್ದದ್ದು ದಪ್ಪ, ಗಿಡ್ಡದ್ದು ಸಣ್ಣ. "ಕತ್ತರಿಸ್ತಾ ಹೋದ್ರೆ ಸಣ್ಣ ಆಗ್ತಾ ಹೋಗತ್ತೆ ಮಿಸ್," ಎಂದ.

ಅದೇ ಆ ದಿನದ ಪಾಠವಾಯಿತು. ಸ್ಕೇಲು ಹಿಡಿದು ದಂಟುಗಳನ್ನು ಅಳೆದೆವು. ಫೋನಿನಲ್ಲಿ ಆವೃತ್ತಿ ತೋರಿಸುವ ಆ್ಯಪ್ ಹಾಕಿ ಒಂದೊಂದನ್ನೂ ಊದಿಸಿದೆವು. ಉದ್ದ ಕಡಿಮೆಯಾದಂತೆ ಅಂಕಿ ಏರಿತು. ಅದೇ ದಂಟನ್ನು ಹತ್ತಿರದಿಂದ, ಆಮೇಲೆ ವರಾಂಡದ ತುದಿಯಿಂದ ಊದಿಸಿದಾಗ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಎಮ್ಮೆಯನ್ನು ಕೆರೆ ಏರಿಗೆ ಕಳಿಸಿದ ಪ್ರಯೋಗ ಇದೇ ಎಂದು ಮಕ್ಕಳೇ ಹೇಳಿದರು.

ಮನುಷ್ಯನ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್ ಎಂದು ಪುಸ್ತಕದಲ್ಲಿದೆ. ಪಿಯಾನೋದ 88 ಕೀಲಿಗಳಲ್ಲಿ ಎಡತುದಿಯದು 27.5 ಹರ್ಟ್ಸ್, ಬಲತುದಿಯದು ಸುಮಾರು 4,186 ಹರ್ಟ್ಸ್ ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದೆ. ಎಡತುದಿಗಿಂತಲೂ ಕೆಳಗೆ ಯಾರ ದನಿ ಇದೆ ಎಂದು ಕೇಳಿದೆ. ಯಾರಿಗೂ ಹೊಳೆಯಲಿಲ್ಲ. ಆನೆಯದು ಎಂದಾಗ ನಂಬಲಿಲ್ಲ. ಆನೆಯ ಘೀಳು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಘೀಳಿನ ಜೊತೆಗೆ ನಮ್ಮ ಕಿವಿಗೆ ಸಿಗದ ಮಾತೂ ಆನೆಗಳಿಗೆ ಇದೆ. 1984ರಲ್ಲಿ ಅಮೆರಿಕದ ಕೇಟಿ ಪೇನ್ ಎಂಬಾಕೆ ಮೃಗಾಲಯವೊಂದರಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದಾಗ ಗಾಳಿಯಲ್ಲಿ ಏನೋ ಮಿಡಿದ ಹಾಗೆ ಅನ್ನಿಸಿತು. ಚಿಕ್ಕವಳಿದ್ದಾಗ ಪ್ರಾರ್ಥನಾ ಮಂದಿರದ ದೊಡ್ಡ ಆರ್ಗನ್ ವಾದ್ಯದ ಅತಿ ಮಂದ್ರ ಸ್ವರದ ಪಕ್ಕ ನಿಂತಾಗ ಆಗಿದ್ದ ಅನುಭವ ಆಕೆಗೆ ನೆನಪಾಯಿತು. ಆಮೇಲೆ ಧ್ವನಿಮುದ್ರಿಸಿ ನೋಡಿದರೆ ಆನೆಗಳು ಅವಶ್ರವಣ ಶಬ್ದದಲ್ಲಿ ಮಾತಾಡುತ್ತಿದ್ದವು. ಸಂಗೀತ ಕೇಳಿ ಬೆಳೆದ ಕಿವಿ ವಿಜ್ಞಾನಕ್ಕೆ ಬಂದು ಕಂಡುಹಿಡಿದ ಸಂಗತಿ ಇದು. ಕಾಕನಕೋಟೆಯ ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಸಾಧನೆ ಎಂದರೆ

ಪಿಯಾನೋ ವಿದ್ಯಾರ್ಥಿ ಒಂದು ರಚನೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ನುಡಿಸಿ ಕಲಿಯುವುದಿಲ್ಲ ಎಂದು ಗೆಳತಿ ಹೇಳಿದ್ದಳು. ಕಷ್ಟದ ನಾಲ್ಕು ಸಾಲನ್ನು ಬಿಡಿಸಿಕೊಂಡು, ಒಂದೇ ಕೈಯಲ್ಲಿ, ನಿಧಾನದಲ್ಲಿ ನುಡಿಸಬೇಕು. ನಿಲ್ಲಿಸಿ, ಬಂದದ್ದನ್ನು ಕೇಳಬೇಕು. ಬದಲಿಸಿ ಮತ್ತೆ ನುಡಿಸಬೇಕು. ನಮ್ಮ ಸೂಕ್ಷ್ಮ ಬೋಧನೆಯೂ ಇದೇ ಅಲ್ಲವೇ? 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ್ದು ಅದು. ನಮ್ಮಲ್ಲಿ ಅದು 36 ನಿಮಿಷದ ಚಕ್ರ: 6 ನಿಮಿಷ ಬೋಧನೆ, 6 ಹಿಮ್ಮಾಹಿತಿ, 12 ಮರುಯೋಜನೆ, 6 ಮರುಬೋಧನೆ, 6 ಮತ್ತೆ ಹಿಮ್ಮಾಹಿತಿ. ಇದರಲ್ಲಿ ಅತಿ ಹೆಚ್ಚು ಹೊತ್ತು ಇರುವುದು ಮಾತಿಗಲ್ಲ, ಯೋಚಿಸಿ ಬದಲಿಸುವುದಕ್ಕೆ.

ಮೈಸೂರು ಮಹಾರಾಜರ ನೆರವಿನಿಂದ ಧ್ವನಿಮುದ್ರಣ ಮಾಡಿದ ಮೆಟ್ನರ್ ಮಾಸ್ಕೋ ಸಂಗೀತ ಶಾಲೆಯಲ್ಲಿ ಪಾಠ ಹೇಳಿದವರು. ಸಾಧನೆ ಮಾಡುವಾಗ ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳನ್ನು ಅವರು ತೀರಿಕೊಂಡ ಮೇಲೆ, 1963ರಲ್ಲಿ, ಮಾಸ್ಕೋದಲ್ಲಿ ಪುಸ್ತಕವಾಗಿ ತಂದರು. ಪಿಯಾನೋ ವಾದಕ ಮತ್ತು ರಚನಕಾರನ ದಿನನಿತ್ಯದ ಕೆಲಸ ಎಂಬುದು ಆ ಪುಸ್ತಕದ ವಿಷಯ. ಜಗತ್ತು ಮೆಚ್ಚಿದ ವಾದಕನೂ ದಿನದ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಎಂದರೆ ನಮ್ಮ ಪ್ರತಿಫಲನಾತ್ಮಕ ದಿನಚರಿಯನ್ನು ಸಹಿಗಾಗಿ ಬರೆಯುವ ಕೆಲಸ ಎಂದುಕೊಳ್ಳುವುದು ಸರಿಯಲ್ಲ.

ನುಡಿಸುವವನು ತನ್ನ ಕೈಯಿಂದ ಬಂದದ್ದನ್ನು ಕೇಳಿಸಿಕೊಳ್ಳಬೇಕು. ಕಲಿಸುವವನು ಇನ್ನೊಬ್ಬರ ಬಾಯಿಂದ, ಕೈಯಿಂದ ಬಂದದ್ದನ್ನು ಕೇಳಿಸಿಕೊಳ್ಳಬೇಕು. ಮೊದಲನೆಯದು ಇಲ್ಲದೆ ಎರಡನೆಯದು ಬರುವುದಿಲ್ಲ. ಪಿಯಾನೋ ಬೋಧನೆಯ ಪದವಿಯಲ್ಲಿ ಕಛೇರಿ ಕಡ್ಡಾಯ ಇರುವುದು ಅದಕ್ಕೇ, ನಮಗೆ ಬಿ.ಎಸ್ಸಿ. ಬೇಕಿರುವುದೂ ಅದಕ್ಕೇ. ಆದರೆ ಮೊದಲನೆಯದು ಬಂದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆ ಸಾಧನೆ, ಬೇರೆ ಗುರು, ಬೇರೆ ವರ್ಷಗಳು ಬೇಕು. ದೊಡ್ಡಪ್ಪನಿಗೆ ನಾನು ಈಗ ಕೊಡುವ ಉತ್ತರ ಇದು. "ಸೊಪ್ಪು ಬೆಳೆಯೋದು ಒಂದು ಕೆಲಸ, ಅದನ್ನ ಬೇಯಿಸೋದು ಇನ್ನೊಂದು ಕೆಲಸ ಅಂತ ನೀವೇ ಹೇಳ್ತೀರಲ್ಲ ದೊಡ್ಡಪ್ಪ, ಇದೂ ಹಂಗೆಯಾ," ಎಂದೆ. ಬ್ಯಾರನ್ನಿನ ಉರಿ ನೋಡಿಕೊಳ್ಳಲು ರಾತ್ರಿಯೆಲ್ಲ ಎದ್ದಿರುವ ಅವರಿಗೆ ಈ ಮಾತು ಹಿಡಿಸಿತು.

ಗೆಳತಿ ಬೋಧನೆ ಮತ್ತು ವಾದನ ಎರಡೂ ಇರುವ ಪದವಿಗೆ ಅರ್ಜಿ ಹಾಕಿದ್ದಾಳೆ. ಕಳಿಸಬೇಕಾದ ವಿಡಿಯೋಗಳಲ್ಲಿ ತಾನು ನುಡಿಸಿದ್ದು ಒಂದು, ಪಾಠ ಮಾಡಿದ್ದು ಒಂದು. ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಹೋಗಲು ಸಾಧ್ಯ. ನಾನು ಎಂ.ಎಸ್ಸಿ. ಅರ್ಜಿಯನ್ನು ಈ ವರ್ಷ ತುಂಬಲಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ.

ಮುಂದಿನ ತಂಡದವರಿಗೆ ನನ್ನದು ಎರಡು ಸಲಹೆ. ಸಹಪಾಠಿ ವೀಕ್ಷಣಾ ಹಾಳೆಯಲ್ಲಿ ಒಂದು ಕಲಮು ಸೇರಿಸಿಕೊಳ್ಳಿ: ಮಗು ತನ್ನ ಮಾತಿನಲ್ಲಿ ಹೇಳಿದ್ದೇನು, ಶಿಕ್ಷಕರು ಅದನ್ನು ಏನು ಮಾಡಿದರು? ಎರಡನೆಯದು, ಆ ಶಾಲೆಯ ವಿಜ್ಞಾನ ಕೊಠಡಿಯ ಗೋಡೆಯಲ್ಲಿ ಪರಂಗಿ ದಂಟಿನ ಉದ್ದ ಮತ್ತು ಆವೃತ್ತಿಯ ಪಟ್ಟಿ ಇದೆ. ಅದನ್ನು ಬರೆದ ಹುಡುಗನ ಹೆಸರು ಕೆಳಗಿದೆ. ನಮ್ಮ 16 ವಾರ ಮುಗಿದಾಗ ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಗುವುದಿತ್ತು. ಕೊಯ್ಲು ಮುಗಿದ ಮೇಲೆ ಅವನು ಶಾಲೆಗೆ ಬಂದನೇ ಎಂದು ತರಗತಿ ಶಿಕ್ಷಕರನ್ನು ಫೋನಿನಲ್ಲಿ ವಿಚಾರಿಸುತ್ತೇನೆ. ನೀವು ಅದೇ ಶಾಲೆಗೆ ಹೋದರೆ, ಬಂದಿದ್ದರೆ, ಹತ್ತನೇ ತರಗತಿಯ ಪಾಠದಲ್ಲಿ ಅವನನ್ನು ಹಿಂದಿನ ಬೆಂಚಿನಲ್ಲಿ ಹುಡುಕಿ. ಕೇಳಿದ ಮೇಲೆ ಹತ್ತು ಸೆಕೆಂಡು ಕಾಯಿರಿ.